ಅಳುವ ಕೂಸನ್ನು ಎತ್ತಿಕೊಳ್ಳಿ

"ಎತ್ಕೋಬೇಡ, ಆಮೇಲೆ ಅದೇ ಅಭ್ಯಾಸ ಆಗುತ್ತೆ." ಲಸಿಕೆ ಹಾಕುವ ದಿನ ಈ ಮಾತು ನನ್ನ ಕಿವಿಗೆ ಬೀಳದೆ ಇರುವುದಿಲ್ಲ. ಆರು ವಾರದ ಕೂಸಿನ ತೊಡೆಗೆ ಸೂಜಿ ಚುಚ್ಚಿದ್ದೇವೆ. ಮುಖ ಕೆಂಪಗಾಗಿ, ಉಸಿರು ಕಟ್ಟಿ ಅಳುತ್ತಿದೆ. ತಾಯಿ ಕೈ ಚಾಚುತ್ತಾಳೆ, ಅತ್ತೆಯ ಮುಖ ನೋಡಿ ಹಿಂದೆ ತೆಗೆದುಕೊಳ್ಳುತ್ತಾಳೆ. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಆರು ವಾರದ ಮಗುವಿಗೆ ಹಟ ಮಾಡಲು ಬರುವುದಿಲ್ಲ. ನೋವಾದರೆ ಎದೆಬಡಿತ ಏರುತ್ತದೆ, ಮೈಯಲ್ಲಿ ಕಾರ್ಟಿಸಾಲ್ ಅನ್ನುವ ಹಾರ್ಮೋನು ಜಾಸ್ತಿಯಾಗುತ್ತದೆ. ನಮಗೆ ಹೀಗಾದರೆ ಒಂದು ಲೋಟ ನೀರು ಕುಡಿಯುತ್ತೇವೆ, ಅಕ್ಕನಿಗೋ ಗೆಳತಿಗೋ ಫೋನ್ ಮಾಡುತ್ತೇವೆ. ಕೂಸು ಏನು ಮಾಡಬೇಕು? ಅದಕ್ಕೆ ತಾನಾಗಿ ಸಮಾಧಾನ ಮಾಡಿಕೊಳ್ಳುವಷ್ಟು ಮಿದುಳು ಇನ್ನೂ ಬೆಳೆದಿಲ್ಲ. ಎದೆಗೊತ್ತಿ ಹಿಡಿದಾಗ ನಿಮ್ಮ ಮೈ ಬಿಸಿ, ವಾಸನೆ, ಉಸಿರಾಟ ಎಲ್ಲ ಅದಕ್ಕೆ ಒಟ್ಟಿಗೆ ಸಿಗುತ್ತವೆ. ಅಳು ತಕ್ಷಣ ನಿಲ್ಲದೆಯೂ ಇರಬಹುದು. ಆದರೂ ಒಳಗಿನ ಗಾಬರಿ ಇಳಿಯಲು ಅದು ನೆರವಾಗುತ್ತದೆ.

ಕೆನಡಾದ ಮಾಂಟ್ರಿಯಲ್‌ನಲ್ಲಿ ಇದನ್ನು ಪರೀಕ್ಷಿಸಿದ್ದರು. ವರದಿ ಬಂದದ್ದು 1986ರಲ್ಲಿ. ಕೆಲವು ಮನೆಯವರಿಗೆ, ಮಗು ಅಳದಿದ್ದರೂ ದಿನಕ್ಕೆ ಕನಿಷ್ಠ 3 ಗಂಟೆ ಎತ್ತಿಕೊಂಡಿರಿ ಎಂದು ಹೇಳಿದರು. ಅಭ್ಯಾಸ ಕೆಡುವುದಾದರೆ ಆ ಮಕ್ಕಳು ಇನ್ನೂ ಜಾಸ್ತಿ ಅಳಬೇಕಿತ್ತು, ಅಲ್ವಾ? ಆರು ವಾರದ ಹೊತ್ತಿಗೆ ಅವು ಉಳಿದ ಮಕ್ಕಳಿಗಿಂತ ಶೇ. 43ರಷ್ಟು ಕಡಿಮೆ ಅಳುತ್ತಿದ್ದವು. ಎಲ್ಲ ಮಕ್ಕಳಿಗೂ ಇಷ್ಟೇ ಫಲ ಸಿಗುತ್ತದೆ ಎಂದು ನಾನು ಹೇಳಲಾರೆ. ಆಗಲೇ ಗಂಟೆಗಟ್ಟಲೆ ಅಳುವ ಕೆಲವು ಮಕ್ಕಳು ಎತ್ತಿಕೊಂಡರೂ ಅಳುತ್ತವೆ. ಅದು ತಾಯಿಯ ತಪ್ಪಲ್ಲ.

ಸವರುವಾಗ ಅವಸರ ಬೇಡ. ನಿಧಾನವಾದ ಸವರಿಕೆಗೆ ಓಗೊಡುವ ನರಗಳೇ ಚರ್ಮದಲ್ಲಿವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗ ಅವಕ್ಕೆ ಹಿತ. ಜೋರಾಗಿ ಬೆನ್ನು ಬಡಿಯುವುದು, ಎಣ್ಣೆ ಹಚ್ಚಿ ಕೈಕಾಲು ಎಳೆಯುವುದು ಬೇರೆ ವಿಷಯ. ಕೂಸನ್ನು ಯಾವತ್ತೂ ಅಲುಗಾಡಿಸಬೇಡಿ. ಮೂರು ತಿಂಗಳೊಳಗಿನ ಮಗುವಿಗೆ ಜ್ವರ ಬಂದರೆ, ಹಾಲು ಬಿಟ್ಟರೆ, ಮಂಕಾದರೆ ಎತ್ತಿಕೊಂಡು ಸಮಾಧಾನ ಮಾಡುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.

ಇದು ತಾಯಿಯ ಕೆಲಸ ಮಾತ್ರ ಎಂದುಕೊಂಡ ಅಪ್ಪಂದಿರೂ ಇದ್ದಾರೆ. ಗಾರೆ ಕೆಲಸ ಮಾಡುವ ಒಬ್ಬರು ಹೆಂಡತಿಯ ಜೊತೆ ಬಂದು ಬಾಗಿಲ ಹತ್ತಿರವೇ ನಿಂತಿದ್ದರು. ಒಳಗೆ ಬನ್ನಿ, ಎತ್ತಿಕೊಳ್ಳಿ ಎಂದೆ. "ನನ್ನ ಕೈ ಸಿಮೆಂಟಲ್ಲಿ ಒರಟಾಗಿದೆ ಡಾಕ್ಟ್ರೇ, ಕೂಸಿಗೆ ಚುಚ್ಚುತ್ತೆ" ಎಂದರು. ಹಾಗಾದರೆ ಸವರಬೇಡಿ, ಸುಮ್ನೆ ತಲೆ ಮೇಲೆ ಅಂಗೈ ಇಡಿ ಎಂದೆ. ಇಟ್ಟರು. ಆ ಅಂಗೈಯಲ್ಲಿ ಕೂಸಿನ ತಲೆ ಪೂರ್ತಿ ಮುಚ್ಚಿಹೋಯಿತು. ಬಿಗಿದಿದ್ದ ಮುಷ್ಟಿ ಮೆಲ್ಲಗೆ ಬಿಚ್ಚಿತು. ಹತ್ತನೇ ವಾರದ ಲಸಿಕೆಗೆ ಬಂದಾಗ ಕೂಸು ಅವರ ಹೆಗಲ ಮೇಲೆ ಮಲಗಿತ್ತು. ಚೀಲ ಹೆಂಡತಿಯ ಕೈಯಲ್ಲಿತ್ತು.