ಬೇಸಿಗೆ ಸಂಶೋಧನೆಗೆ ಸರ್ಟಿಫಿಕೇಟ್ ಬೇಕೆ?

ಪ್ರಶ್ನೆ: ಸರ್, ನಾನು ಬೆಂಗಳೂರಿನಲ್ಲಿ ಬಿ.ಎಸ್‌ಸಿ. ಎರಡನೇ ವರ್ಷ ಓದುತ್ತಿದ್ದೇನೆ. ಶ್ವಾಸನಾಳದ ಜೀವಕೋಶಗಳು ಮತ್ತು ರೋಗನಿರೋಧಕ ಶಕ್ತಿಯ ಕುರಿತು ಸಂಶೋಧನೆ ಮಾಡುವ ಆಸೆಯಿದೆ. ಪಿಸಿಆರ್ (ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ವಿಧಾನ), ಸೆಲ್ ಕಲ್ಚರ್ (ಜೀವಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸುವುದು) ತರಬೇತಿಯ ಸರ್ಟಿಫಿಕೇಟ್ ಇಲ್ಲದಿದ್ದರೆ ಯಾವ ಲ್ಯಾಬಿನಲ್ಲೂ ಸೇರಿಸಿಕೊಳ್ಳುವುದಿಲ್ಲವಂತೆ, ನಿಜವೇ?

ಉತ್ತರ: ನಿಜವಲ್ಲ. ಪ್ರತಿ ವರ್ಷ ಇದೇ ಉತ್ತರ ಕೊಡುತ್ತಿದ್ದೇನೆ. ಪ್ರತಿ ವರ್ಷವೂ ಯಾರದೋ ತಂದೆತಾಯಿ ಹದಿನೈದು ದಿನಗಳ ತರಬೇತಿಗೆಂದು ಸಾವಿರಾರು ರೂಪಾಯಿ ಕಟ್ಟಿಬಿಟ್ಟಿರುತ್ತಾರೆ.

ಬೇಸಿಗೆ ರಜೆಯಲ್ಲಿ ಲ್ಯಾಬ್ ಸೇರುವ ದಾರಿಗಳ ವಿಷಯ ನಿಮ್ಮ ಅಧ್ಯಾಪಕರಿಗೂ ಗೊತ್ತಿರುತ್ತದೆ. 1934ರಲ್ಲಿ ಸಿ.ವಿ. ರಾಮನ್ ಸ್ಥಾಪಿಸಿದ, ನಮ್ಮ ಊರಿನದೇ ಆದ ಭಾರತೀಯ ವಿಜ್ಞಾನ ಅಕಾಡೆಮಿಯು ಇನ್ನೆರಡು ಅಕಾಡೆಮಿಗಳೊಂದಿಗೆ ನಡೆಸುವ ಬೇಸಿಗೆ ಫೆಲೋಶಿಪ್ ಇದೆ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ್ದೂ ಇದೆ. ಇವೆರಡರಲ್ಲೂ ವಿದ್ಯಾರ್ಥಿಗೇ ಶಿಷ್ಯವೇತನ ಸಿಗುತ್ತದೆ.

ಸರ್ಟಿಫಿಕೇಟಿನಿಂದ ಏಕೆ ಪ್ರಯೋಜನವಿಲ್ಲ ಎಂಬುದನ್ನು ಈ ವಿಷಯದ ಕೆಲಸವನ್ನೇ ಹತ್ತಿರದಿಂದ ನೋಡಿ ತಿಳಿದುಕೊಳ್ಳಿ. ದಾನಿಯಿಂದ ಪಡೆದ ಶ್ವಾಸನಾಳದ ಮೂಲಕೋಶಗಳನ್ನು, ತಳದಲ್ಲಿ ಸೂಕ್ಷ್ಮ ರಂಧ್ರಗಳ ಪೊರೆಯಿರುವ ಪುಟ್ಟ ಬಟ್ಟಲಿನಲ್ಲಿ ಬೆಳೆಸುತ್ತಾರೆ. ಅವು ಪೊರೆಯನ್ನು ಪೂರ್ತಿ ಮುಚ್ಚಿದ ಮೇಲೆ ಮೇಲಿನ ದ್ರವವನ್ನು ತೆಗೆದು, ಮೇಲ್ಮೈಯನ್ನು ಗಾಳಿಗೆ ಒಡ್ಡಿ, ಪೋಷಣೆಯನ್ನು ಕೆಳಗಿನಿಂದ ಮಾತ್ರ ಒದಗಿಸುತ್ತಾರೆ. ಸುಮಾರು ನಾಲ್ಕು ವಾರಗಳಲ್ಲಿ ಕೆಲವು ಕೋಶಗಳು ಲೋಳೆ ಸುರಿಸತೊಡಗುತ್ತವೆ, ಇನ್ನು ಕೆಲವು ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಬಡಿಯುವ ಸೀಲಿಯಾಗಳನ್ನು (ಕೂದಲಿನಂಥ ಸೂಕ್ಷ್ಮ ಎಳೆಗಳನ್ನು) ಮೂಡಿಸುತ್ತವೆ. ಇಷ್ಟು ಬೆಲೆಬಾಳುವ ಕೋಶಗಳನ್ನು ಯಾವ ಮಾರ್ಗದರ್ಶಕರೂ ಸರ್ಟಿಫಿಕೇಟ್ ನೋಡಿ ಹೊಸಬರ ಕೈಗೆ ಕೊಡುವುದಿಲ್ಲ. ತಮ್ಮ ಲ್ಯಾಬಿನ ಪದ್ಧತಿಯನ್ನು ಪಿಪೆಟ್ ಹಿಡಿಯುವುದರಿಂದಲೇ ಕಲಿಸುತ್ತಾರೆ. ಅವರು ನೋಡುವುದು ಬೇರೆ: ಭಾನುವಾರವಿರಲಿ, ಹಬ್ಬವಿರಲಿ, ದಿನ ಬಿಟ್ಟು ದಿನ ಮೀಡಿಯಾ (ಕೋಶಗಳ ಪೋಷಕ ದ್ರವ) ಬದಲಿಸಲು ಬರುವ ಶ್ರದ್ಧೆ ಇದೆಯೇ? ಗ್ರಾಫ್ ಒಂದನ್ನು ಓದಿ ಅದು ಏನನ್ನು ತೋರಿಸುತ್ತದೆ, ಏನನ್ನು ತೋರಿಸುವುದಿಲ್ಲ ಎಂದು ಹೇಳಬಲ್ಲಿರಾ? ಇವನ್ನು ಯಾರೂ ಮಾರುವುದಿಲ್ಲ. ಮೊದಲ ದಿನವೇ ಪಿಸಿಆರ್ ಗೊತ್ತಿಲ್ಲವೆಂದು ನೇರವಾಗಿ ಹೇಳಿ, ಸೀಲಿಯಾಗಳ ವಿಡಿಯೊ ನೋಡಿ ಬಡಿತ ಎಣಿಸುವ ಕೆಲಸವನ್ನು ಎರಡು ತಿಂಗಳು ತಪ್ಪದೆ ಮಾಡಿದ ವಿದ್ಯಾರ್ಥಿಗಳನ್ನು ಕಂಡಿದ್ದೇನೆ. ಅವರ ಬಗ್ಗೆ ನನಗೆ ಹೆಮ್ಮೆಯಿದೆ.

ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕು. ರೋಗನಿರೋಧಕತೆಯೆಂದರೆ ಬಿಳಿ ರಕ್ತಕಣಗಳು ಮಾತ್ರ ಎಂಬಂತೆ ಬಹುತೇಕ ಅರ್ಜಿಗಳಿರುತ್ತವೆ. ಶ್ವಾಸನಾಳದ ಒಳಮೈಯ ಅನುಲೇಪಕ ಕೋಶಗಳು ಬರೀ ಗೋಡೆಯಲ್ಲ. ಧೂಳು, ವೈರಸ್ ತಾಗಿದಾಗ ಟಿಎಸ್‌ಎಲ್‌ಪಿ, ಐಎಲ್-33ರಂಥ ಸಂಕೇತ ಪ್ರೋಟೀನ್‌ಗಳನ್ನು ಹೊರಡಿಸಿ ಬಿಳಿ ರಕ್ತಕಣಗಳನ್ನು ಎಚ್ಚರಿಸುವುದು ಅವೇ. ಟಿಎಸ್‌ಎಲ್‌ಪಿಯನ್ನು ತಡೆಯುವ ಟೆಜೆಪೆಲುಮ್ಯಾಬ್ ಎಂಬ ಔಷಧಕ್ಕೆ ತೀವ್ರ ಅಸ್ತಮಾದ ಚಿಕಿತ್ಸೆಗೆಂದು ಅಮೆರಿಕದಲ್ಲಿ 2021ರಲ್ಲಿ ಅನುಮತಿ ಸಿಕ್ಕಿತು. ಈ ಒಳಮೈಯ ಬಗ್ಗೆ ತಿಳಿಯಬೇಕಾದದ್ದು ಇನ್ನೂ ಇದೆ: ಅಯಾನೊಸೈಟ್ ಎಂಬ ಅಪರೂಪದ ಅನುಲೇಪಕ ಕೋಶ ನಮ್ಮ ಶ್ವಾಸನಾಳದಲ್ಲಿದೆಯೆಂದು ಪ್ರಕಟವಾದದ್ದೇ 2018ರಲ್ಲಿ.

ಆದ್ದರಿಂದ ಅರ್ಜಿಯಲ್ಲಿ ಒಂದೇ ಬಗೆಯ ಕೋಶವನ್ನು ಆರಿಸಿಕೊಂಡು, ಅದರ ಬಗ್ಗೆ ಎರಡು ತಿಂಗಳಲ್ಲಿ ಅಳೆಯಬಹುದಾದ ಒಂದು ಪ್ರಶ್ನೆ ಬರೆಯಿರಿ. ಕ್ಷಯದ ಬ್ಯಾಕ್ಟೀರಿಯಾ ಸೋಂಕಿಸಿ ನೋಡುತ್ತೇನೆಂದು ಮಾತ್ರ ಬರೆಯಬೇಡಿ. ಅದಕ್ಕೆ ಬಿಎಸ್‌ಎಲ್-3 ಮಟ್ಟದ ಸುರಕ್ಷತೆಯ ಲ್ಯಾಬ್ ಬೇಕು, ಬೇಸಿಗೆಗೆ ಬರುವವರನ್ನು ಅದರೊಳಗೆ ಬಿಡುವುದಿಲ್ಲ.