ಲಾರಿ ಮುಂದಿನ ಜಾಗ ಖಾಲಿ ಅಲ್ಲ

ಊರಿಂದ ಪುಣೆಗೆ ವಾಪಸ್ ಬರುವ ಕನ್ನಡಿಗರಿಗೆಲ್ಲ ಆ ಇಳಿಜಾರು ಗೊತ್ತು. ಹೊಸ ಕಾತ್ರಜ್ ಸುರಂಗ ದಾಟಿದರೆ ನವಲೆ ಸೇತುವೆವರೆಗೂ ಇಳಿತ. 2025ರ ನವೆಂಬರ್‌ನಲ್ಲಿ ಅಲ್ಲಿ ಲಾರಿ ಗುದ್ದಿ, ಬೆಂಕಿ ಹತ್ತಿ ಜನ ಸತ್ತರು. ಅಂದಿನಿಂದ ಸಿಕ್ಕವರೆಲ್ಲ ನನ್ನನ್ನು ಕೇಳುವುದು ಒಂದೇ: “ಲಾರಿಯವರಿಗೆ ಬ್ರೇಕ್ ಹಾಕೋಕೆ ಬರಲ್ವಾ?”

ಟ್ಯಾಂಕರ್ ಚಾಲಕರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಆ ಅಪಘಾತದ ಕಾರಣ ಹೇಳುವುದು ತನಿಖೆ ಮಾಡುವವರ ಕೆಲಸ, ನನ್ನದಲ್ಲ. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕುವ ಚಾಲಕರೂ ಇದ್ದಾರೆ. ಅವರಿಗೆ ನಾನು ಬೈಯುವುದನ್ನು ಇಲ್ಲಿ ಬರೆಯಲಾಗದು. ಆದರೆ ಕಾರಿನವರಿಗೆ ಒಂದು ಮಾತು ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ.

ನಮ್ಮಲ್ಲಿ ದೊಡ್ಡ ಟ್ರೇಲರ್ ಕಾನೂನು ಪ್ರಕಾರವೇ 55 ಟನ್‌ವರೆಗೆ ತೂಗಬಹುದು. ಬ್ರೇಕ್ ಹಾಕಿದರೆ ಅದರ ಓಟವೆಲ್ಲ ಚಕ್ರದ ಬ್ರೇಕ್ ಡ್ರಮ್‌ನಲ್ಲಿ ಬಿಸಿಯಾಗುತ್ತದೆ. ಜಾಸ್ತಿ ಕಾದರೆ ಡ್ರಮ್‌ಗೆ ಉಜ್ಜಿ ನಿಲ್ಲಿಸುವ ಲೈನರ್ ಹಿಡಿಯುವುದಿಲ್ಲ. ಪೆಡಲ್ ಸರಿ ಇರುತ್ತದೆ, ಬ್ರೇಕ್ ಒತ್ತುವ ಗಾಳಿ ಇರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಅದಕ್ಕೇ ಒಳ್ಳೆಯ ಚಾಲಕ ಸಣ್ಣ ಗೇರ್‌ನಲ್ಲಿ, ಎಂಜಿನ್ ಹಿಡಿತದಲ್ಲಿ ಇಳಿಯುತ್ತಾನೆ. ಪದೇ ಪದೇ ಬ್ರೇಕ್ ಮುಟ್ಟಬಾರದೆಂದೇ ಮುಂದೆ ಜಾಗ ಬಿಡುತ್ತಾನೆ.

ಅಲ್ಲಿಗೆ ನೀವು ನುಗ್ಗುತ್ತೀರಿ. ಅವನು ಬ್ರೇಕ್ ಒತ್ತುತ್ತಾನೆ, ಮತ್ತೆ ಜಾಗ ಮಾಡಿಕೊಳ್ಳುತ್ತಾನೆ. ಡ್ರಮ್ ಆರುವ ಮೊದಲೇ ಇನ್ನೊಂದು ಕಾರು. ಆಮೇಲೆ ಒಂದು ಕ್ಯಾಬ್. “ನಾನು ನುಗ್ಗಿದೆ, ಏನೂ ಆಗಲಿಲ್ವಲ್ಲ” ಅನ್ನುತ್ತಾರೆ. ನಿಮಗೆ ಆಗಲಿಲ್ಲ, ನಿಜ. ನೀವು ಸ್ವಲ್ಪ ಬಿಸಿ ಅವನ ಡ್ರಮ್‌ನಲ್ಲಿ ಬಿಟ್ಟು ಮನೆ ಸೇರಿದಿರಿ. ಆ ಬಿಸಿ ಜಮಾ ಆಗುತ್ತಾ ಹೋಗುತ್ತದೆ. ಕೆಳಗೆ ಸಿಗ್ನಲ್‌ನಲ್ಲಿ ಸುಮ್ನೆ ನಿಂತವನು ಯಾರ ಮುಂದೆಯೂ ನುಗ್ಗಿರುವುದಿಲ್ಲ. ಗುದ್ದಿಸಿಕೊಳ್ಳುವವನು ಅವನು.

ಇಂಡಿ ಕಡೆಯ ಚಾಲಕನೊಬ್ಬ ನನಗಿಂತ ಚೆನ್ನಾಗಿ ಹೇಳಿದ: “ಸರ, ಗ್ಯಾಪ್ ನಾ ನನಗ ಬಿಟ್ಟಿರ್ತೀನ್ರಿ. ಅವ್ರು ತಮಗ ಬಿಟ್ಟಾನ ಅಂತ ತಿಳ್ಕೋತಾರ್ರಿ.” ಮೆತ್ತನೆಯ ಮನುಷ್ಯ. ಹಾರ್ನ್ ಹೊಡೆಯಲೂ ಸಂಕೋಚ ಅವನಿಗೆ.

ಟ್ಯಾಂಕರ್ ಅರ್ಧ ತುಂಬಿದ್ದರಂತೂ ಕಷ್ಟ. ಬ್ರೇಕ್ ಹಾಕಿದ ಮೇಲೆ ಒಳಗಿನ ದ್ರವ ಮುಂದಕ್ಕೆ ನುಗ್ಗಿ ಗಾಡಿಯನ್ನೇ ತಳ್ಳುತ್ತದೆ. ಪೆಟ್ರೋಲ್ ಟ್ಯಾಂಕರ್ ಒಳಗೆ ಅದನ್ನು ತಡೆಯಲು ಅಡ್ಡ ತಟ್ಟೆಗಳಿರುತ್ತವೆ. ಹಾಲಿನದರಲ್ಲಿ ತೊಳೆಯಲು ಸುಲಭವಾಗಲೆಂದು ಸಾಮಾನ್ಯವಾಗಿ ಇರುವುದಿಲ್ಲ. ಹಾಲು ತಾನೇ ಅಂತ ಹತ್ತಿರ ಹೋಗುತ್ತೀರಲ್ಲ, ಅದಕ್ಕೆ ಹೇಳಿದೆ.

ಇನ್ನು ಉರುಳಿ ಬಿದ್ದ ಟ್ಯಾಂಕರ್. 2023ರ ಜೂನ್‌ನಲ್ಲಿ ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯ ಕುಣೆ ಸೇತುವೆ ಮೇಲೆ ಟ್ಯಾಂಕರ್ ಹೊತ್ತಿಕೊಂಡಾಗ, ಉರಿಯುವ ದ್ರವ ಕೆಳಗಿನ ರಸ್ತೆಗೆ ಸುರಿದು ಅಲ್ಲಿದ್ದವರೂ ಸತ್ತರು. ಎಲ್‌ಪಿಜಿ ಕೂಡ ಗಾಳಿಗಿಂತ ಭಾರ, ತಗ್ಗಿನ ಕಡೆಗೇ ಹರಿಯುತ್ತದೆ. ಹಾಗಾಗಿ ಗಾಳಿ ಬರುವ ದಿಕ್ಕಿಗೆ, ಏರಿನ ಕಡೆಗೆ ನಡೆಯಿರಿ. ವಿಡಿಯೋ ಬೇಡ. ದೂರ ಹೋದ ಮೇಲೆ 112ಕ್ಕೆ ಕರೆ ಮಾಡಿ. ಟ್ಯಾಂಕರ್ ಮೇಲಿನ ಫಲಕದಲ್ಲಿ ನಾಲ್ಕು ಅಂಕಿಯ ಸಂಖ್ಯೆ ಇರುತ್ತದೆ: 1075 ಅಂದರೆ ಎಲ್‌ಪಿಜಿ, 1203 ಪೆಟ್ರೋಲ್. ದೂರದಿಂದಲೇ ಕಂಡರೆ ಅದನ್ನು ಹೇಳಿ. ಕಾಣದಿದ್ದರೆ ಫಲಕದ ಬಣ್ಣ ಹೇಳಿದರೂ ಸಾಕು. ಓದಲೆಂದು ಹತ್ತಿರ ಹೋಗಬೇಡಿ.