ತೂತು ಕಾಗದ ಓದಿ ನುಡಿಯುತ್ತಿದ್ದ ರೀಡ್ ಆರ್ಗನ್

ಹಾರ್ಮೋನಿಯಂ ಪೆಟ್ಟಿಗೆಯೊಳಗೆ ಸಾಲಾಗಿ ರೀಡುಗಳು, ಅಂದರೆ ಹಿತ್ತಾಳೆಯ ತೆಳು ನಾಲಿಗೆಗಳು ಇರುತ್ತವೆ. ಗಾಳಿ ಹಾದರೆ ರೀಡು ಅದುರಿ ಸ್ವರ ಹೊರಡುತ್ತದೆ. ಯಾವ ರೀಡಿಗೆ ಯಾವಾಗ ಗಾಳಿ ಬಿಡಬೇಕು ಅನ್ನೋದು ಬೆರಳಿನ ಕೆಲಸ. 19ನೇ ಶತಮಾನದ ಕೊನೆಯಲ್ಲಿ ಅಮೆರಿಕ ಮತ್ತು ಜರ್ಮನಿಯ ತಯಾರಕರು ಇದೇ ಜಾತಿಯ ರೀಡ್ ಆರ್ಗನ್‌ಗಳಲ್ಲಿ ಈ ಕೆಲಸವನ್ನು ತೂತು ಹೊಡೆದ ಕಾಗದಕ್ಕೆ ವಹಿಸಿಬಿಟ್ಟರು.

ತೂತಿನ ಉಪಾಯ ಬಂದದ್ದು ನೇಕಾರರ ಕಡೆಯಿಂದ. ಜಕಾರ್ಡ್ ಮಗ್ಗದಲ್ಲಿ ಸೀರೆಯ ಚಿತ್ತಾರ ಮೂಡಿಸೋದೂ ತೂತಿನ ಕಾರ್ಡುಗಳೇ ಅಲ್ವಾ? 1878ರಲ್ಲಿ ನ್ಯೂಯಾರ್ಕ್‌ನಲ್ಲಿ ವಿಲಿಯಂ ಟ್ರಿಮೇನ್ ಶುರು ಮಾಡಿದ ಮೆಕ್ಯಾನಿಕಲ್ ಆರ್ಗ್ವಿನೆಟ್ ಕಂಪನಿ ಇದೇ ಉಪಾಯದ ಪುಟ್ಟ ಪೆಟ್ಟಿಗೆಗಳನ್ನು ಮಾರಿತು. ಹಿಡಿ ತಿರುಗಿಸಿದರೆ ತಿದಿಯೂ ಆಡುತ್ತದೆ, ಕಾಗದದ ಸುರುಳಿಯೂ ಸರಿಯುತ್ತದೆ. ಕಾಗದ ಮುಚ್ಚಿದ ಕಡೆ ಮೌನ. ತೂತು ಬಂದ ಕಡೆ ಗಾಳಿ ಒಳಗೆ ನುಗ್ಗಿ ರೀಡು ನುಡಿಯುತ್ತದೆ. ಉದ್ದ ತೂತಾದರೆ ಸ್ವರವೂ ಉದ್ದ. ಇಷ್ಟು ಸರಳ!

ಜರ್ಮನಿಯ ಲೈಪ್ಸಿಗ್‌ನಲ್ಲಿ ಪೌಲ್ ಎಹ್ರ್ಲಿಖ್ ತಯಾರಿಸಿದ ಅರಿಸ್ಟನ್‌ಗೆ ಸುರುಳಿ ಬದಲು ದುಂಡನೆಯ ರಟ್ಟಿನ ತಟ್ಟೆ. ಅಮೆರಿಕದ ಇಥಾಕಾದಲ್ಲಿ ತಯಾರಾದ ಜೆಮ್ ರೋಲರ್ ಆರ್ಗನ್‌ನಲ್ಲಿ ಮುಳ್ಳು ಬಡಿದ ಮರದ ರೋಲರ್. ನೋಡೋಕೆ ಥೇಟ್ ಮೆಕ್ಕೆಜೋಳದ ದಿಂಡು. ಅದಕ್ಕಿದ್ದದ್ದು 20 ಸ್ವರ ಮಾತ್ರ. ಆದರೂ ಹಳ್ಳಿಯ ಮನೆಗಳು ಅದನ್ನು ಅಂಚೆಯಲ್ಲಿ ತರಿಸಿಕೊಂಡವು. ರೇಡಿಯೊ ಇಲ್ಲದ ಕಾಲ. ಸಂಗೀತ ಕಲಿಯದವರ ಮನೆಯಲ್ಲೂ ಪ್ರಾರ್ಥನೆಯ ಹಾಡು, ಕುಣಿತದ ಹಾಡು ಕೇಳುವಂತಾಯಿತು. ನನ್ನ ಮಟ್ಟಿಗೆ ಈ ವಾದ್ಯಗಳ ದೊಡ್ಡ ಸಾಧನೆ ಇದೇ.

ಟ್ರಿಮೇನ್ ಕಂಪನಿಯೇ ಮುಂದೆ ಏಯೋಲಿಯನ್ ಆಯಿತು. ಅದರ ಆರ್ಕೆಸ್ಟ್ರೆಲ್ ಎಂಬ ರೀಡ್ ಆರ್ಗನ್ ಬೀರುವಿನಷ್ಟು ದೊಡ್ಡದು, ಸುರುಳಿಯಲ್ಲಿ 58 ಸ್ವರ. ಇಲ್ಲಿ "ತಾನಾಗಿ ನುಡಿಯುತ್ತದೆ" ಅನ್ನೋದು ಅರ್ಧ ಮಾತ್ರ ನಿಜ. ಸ್ವರ ಯಾವುದು ಅಂತ ಸುರುಳಿ ಹೇಳುತ್ತದೆ. ಕಾಲಲ್ಲಿ ತಿದಿ ಒತ್ತುವವರು, ಲಯ ಹಿಡಿಯುವವರು, ಯಾವ ಸ್ಟಾಪ್ ಗುಬ್ಬಿ ಎಳೆದು ನಾದ ಬದಲಿಸಬೇಕು ಅಂತ ನಿರ್ಧರಿಸುವವರು ನಾವೇ. ಒಂದೇ ಸುರುಳಿ ಇಬ್ಬರ ಕೈಯಲ್ಲಿ ಎರಡು ಥರ ಕೇಳುತ್ತದೆ. ಸುಮ್ನೆ ಕೂತು ಕೇಳುವ ಗ್ರಾಮಫೋನ್‌ನಲ್ಲಿ ಈ ಸುಖ ಎಲ್ಲಿ?

ಆದರೂ ಗೆದ್ದದ್ದು ಗ್ರಾಮಫೋನೇ. ಅದಕ್ಕೂ ಮೊದಲೇ ಜನ ತಾನಾಗಿ ನುಡಿಯುವ ಪಿಯಾನೊ ಕಡೆ ವಾಲಿದ್ದರು. ಆಮೇಲೆ ರೇಡಿಯೊ ಬಂತು.

ಇವತ್ತು ಇವನ್ನು ರಿಪೇರಿ ಮಾಡುವವರಿಗೆ ರೀಡುಗಳ ಕಾಟ ಕಡಿಮೆ. ನೂರು ವರ್ಷವಾದರೂ ಹಿತ್ತಾಳೆ ಹೆಚ್ಚಾಗಿ ಶ್ರುತಿ ಬಿಡುವುದಿಲ್ಲ. ರೀಡು ಮತ್ತು ಚೌಕಟ್ಟಿನ ನಡುವೆ ಒಂದು ಧೂಳಿನ ಕಣ ಸಿಕ್ಕರೆ ಸ್ವರ ಕಟ್ಟುತ್ತದೆ. ಮೆಲ್ಲಗೆ ತೆಗೆದರೆ ಮತ್ತೆ ನುಡಿಯುತ್ತದೆ. ಕೈಕೊಡೋದು ತಿದಿಯ ಬಟ್ಟೆ ಮತ್ತು ಚರ್ಮ. ಗಾಳಿ ಸೋರಿದರೆ ಎಷ್ಟು ತುಳಿದರೂ ದಮ್ಮಿರುವುದಿಲ್ಲ. ಹಳೆಯ ಕಾಗದವೂ ಪುಡಿಯಾಗುತ್ತದೆ. ಹಾಗಾಗಿ ಸುರುಳಿಗಳನ್ನು ಸ್ಕ್ಯಾನ್ ಮಾಡಿ, ಅದೇ ಅಳತೆಗೆ ಹೊಸ ಕಾಗದದಲ್ಲಿ ತೂತು ಹೊಡೆಯುವ ಕೆಲಸವೂ ನಡೆಯುತ್ತಿದೆ.